ಒಂದೇ ಕಂಬ, ಎರಡು ಕೂಲಿ

ತಲಕಾಡು ಹೋಬಳಿಯ ಗದ್ದೆಬಯಲಿನಲ್ಲಿ ಗಾಳಿಮಳೆಯ ಒಂದು ರಾತ್ರಿ 11 ಕೆ.ವಿ. ಮಾರ್ಗದ ತಂತಿ ಕಳಚಿಬಿದ್ದರೆ ಅದನ್ನು ಎತ್ತಿ ಕಟ್ಟಲು ಬರುವವರಲ್ಲಿ ಒಬ್ಬ ವಿದ್ಯುತ್ ನಿಗಮದ ಕಾಯಂ ನೌಕರ, ಇನ್ನೊಬ್ಬ ಏಜೆನ್ಸಿಯ ಮೂಲಕ ಬಂದವನು. ಕತ್ತಲು ಇಬ್ಬರಿಗೂ ಒಂದೇ, ಕೆಸರು ಇಬ್ಬರಿಗೂ ಒಂದೇ, ಯಾರದೋ ಮನೆಯ ಜನರೇಟರಿನಿಂದ ವಿದ್ಯುತ್ತು ಹಿಮ್ಮುಖವಾಗಿ ತಂತಿಗೆ ಹರಿದರೆ ಎದುರಾಗುವ ಸಾವೂ ಒಂದೇ. ತಿಂಗಳು ತುಂಬಿದಾಗ ಮಾತ್ರ ಅವರ ದಾರಿಗಳು ಬೇರೆಯಾಗುತ್ತವೆ. ಒಬ್ಬನಿಗೆ ವೇತನಶ್ರೇಣಿ, ತುಟ್ಟಿಭತ್ಯೆ, ವರ್ಷಕ್ಕೊಂದು ವೇತನ ಬಡ್ತಿ, ಕುಟುಂಬಕ್ಕೆ ವೈದ್ಯಕೀಯ ನೆರವು ಇವೆ. ಇನ್ನೊಬ್ಬನಿಗೆ ಕನಿಷ್ಠ ವೇತನದ ಆಸುಪಾಸಿನ ಒಂದು ಮೊತ್ತವಿದೆ. ಅದೂ ಗುತ್ತಿಗೆದಾರನ ಬಿಲ್ಲು ಮಂಜೂರಾದ ಮೇಲೆ, ಅವನ ಲೆಕ್ಕದ ಕಡಿತಗಳೆಲ್ಲ ಮುಗಿದ ಮೇಲೆ. ಈ ವ್ಯತ್ಯಾಸ ಗುಟ್ಟಾಗಿ ಉಳಿದಿಲ್ಲ. ಸೆಕ್ಷನ್ ಕಚೇರಿಯ ಕಿರಿಯ ಎಂಜಿನಿಯರಿಗೆ ಅದು ಗೊತ್ತು, ನಿಗಮದ ಆಡಳಿತ ಮಂಡಳಿಗೆ ಗೊತ್ತು, ಇಂಧನ ಇಲಾಖೆಗೆ ಗೊತ್ತು. ಎಲ್ಲರಿಗೂ ಗೊತ್ತಿರುವ ಅನ್ಯಾಯವೊಂದು ಯಾರ ಹೊಣೆಯೂ ಅಲ್ಲ ಎಂಬಂತೆ ದಶಕಗಳ ಕಾಲ ಮುಂದುವರಿದದ್ದು ಹೇಗೆ ಎಂಬುದೇ ಇಂದು ಕೇಳಬೇಕಾದ ಪ್ರಶ್ನೆ.

ತಲಕಾಡಿನ ಮರಳದಿಬ್ಬಗಳನ್ನು ಬಳಸಿ ಹರಿಯುವ ಕಾವೇರಿಯೇ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಆ ಧುಮುಕು ವಿದ್ಯುತ್ತಾಯಿತು. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮೂರು ವರ್ಷಗಳ ಬಳಿಕ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಯೋಜನೆಯ ಬಗ್ಗೆ ನಾವು ಪಡುವ ಹೆಮ್ಮೆ ಸಕಾರಣವಾದದ್ದು. ವಿದ್ಯುತ್ತು ಎಂಬುದು ರಾಜ್ಯವೇ ಹೊರಬೇಕಾದ ಹೊಣೆ ಎಂಬ ತಿಳಿವಳಿಕೆ ಈ ನೆಲದಲ್ಲಿ ಬೇರೂರಿದ್ದು ಅಲ್ಲಿಂದ. 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾದಾಗ ಆ ತಿಳಿವಳಿಕೆಗೆ ಸಾಂಸ್ಥಿಕ ರೂಪ ಬಂತು. ನದಿಯ ದಡದಲ್ಲೇ ಇದ್ದರೂ ತಲಕಾಡಿನಂಥ ಊರುಗಳ ಮನೆಮನೆಗೆ ಬೆಳಕು ತಲುಪಲು ಹಲವು ದಶಕಗಳೇ ಬೇಕಾದವು. ತಲುಪಿಸಿದವರು ಕಂಬವನ್ನು ಹೆಗಲ ಮೇಲೆ ಹೊತ್ತು ಗದ್ದೆಯ ಬದುವಿನ ಮೇಲೆ ನಡೆದ ಕೂಲಿಯಾಳುಗಳು, ಕಂಬವೇರಿ ತಂತಿ ಎಳೆದ ಲೈನ್‌ಮನ್‌ಗಳು.

ಇವತ್ತಿಗೂ ಟಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಕರೆಂಟು ಹೋದರೆ ಜನ ನೆನೆಯುವುದು ಕೆಇಬಿಯನ್ನೇ, ಅಂದರೆ ಆ ಹಳೆಯ ವಿದ್ಯುತ್ ಮಂಡಳಿಯನ್ನೇ. ಆ ಹೆಸರಿನ ಸಂಸ್ಥೆ ಇಲ್ಲವಾಗಿ ಕಾಲು ಶತಮಾನ ಕಳೆದಿದೆ. ಹೆಸರು ಮಾತ್ರ ಜನರ ನಾಲಗೆಯಲ್ಲಿ ಉಳಿದಿದೆ. ಇದು ಬರಿಯ ರೂಢಿಯ ಮಾತಲ್ಲ. ಮಂಡಳಿಯಲ್ಲಿ ಲೈನ್‌ಮನ್ ಆಗಿ ಸೇರಿದ ಒಬ್ಬ ಮಗನಿಂದ ಒಂದು ಮನೆತನವೇ ಮೇಲೆದ್ದು ನಿಂತದ್ದನ್ನು ಈ ಸೀಮೆ ಕಂಡಿದೆ. ಗೇಣಿಯ ಗದ್ದೆ, ಕಂಡವರ ಹೊಲದ ಕೂಲಿ, ಸಾಲದ ಪತ್ರಗಳ ನಡುವೆ ಬದುಕಿದ ಕುಟುಂಬಕ್ಕೆ ತಿಂಗಳ ಮೊದಲ ದಿನಗಳಲ್ಲಿ ಖಚಿತವಾಗಿ ಬರುವ ಸಂಬಳವೆಂದರೆ ತಂಗಿಯ ಮದುವೆ, ತಮ್ಮನ ಕಾಲೇಜು, ಹಂಚಿನ ಮನೆಗೆ ಬಂದ ತಾರಸಿ. ದಲಿತ ಕೇರಿಯಿಂದ, ಸಣ್ಣ ಹಿಡುವಳಿಯ ಒಕ್ಕಲು ಮನೆಯಿಂದ ಹೋದ ಹುಡುಗನಿಗೆ ಸರ್ಕಾರಿ ವೇತನ ಕೊಟ್ಟಿದ್ದು ಹಣವನ್ನಷ್ಟೇ ಅಲ್ಲ. ಊರಿನ ಜಗಲಿಯ ಮೇಲೆ ಸಮನಾಗಿ ಕೂರುವ ಬಲವನ್ನೂ ಅದು ಕೊಟ್ಟಿತು. ಸಾರ್ವಜನಿಕ ಸೇವೆಯ ವೇತನವನ್ನು ವೆಚ್ಚದ ಒಂದು ಬಾಬತ್ತಾಗಿ ಮಾತ್ರ ಎಣಿಸುವವರು ಈ ಲೆಕ್ಕವನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.

1999ರ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆ ಮಂಡಳಿಯನ್ನು ನಿಗಮವಾಗಿಸಿತು. 2002ರ ಜೂನ್‌ನಲ್ಲಿ ವಿತರಣೆಯ ಕೆಲಸ ನಾಲ್ಕು ಕಂಪನಿಗಳಿಗೆ ಹಂಚಿಹೋಯಿತು. 2005ರಲ್ಲಿ ಮಂಗಳೂರಿನ ಕಂಪನಿಯಿಂದ ಬೇರ್ಪಟ್ಟು ಮೈಸೂರಿನಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ನೆಲೆಗೊಂಡಿತು. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು ಅದರ ವ್ಯಾಪ್ತಿಗೆ ಬಂದವು. ದರ ನಿರ್ಧರಿಸಲು ಸ್ವತಂತ್ರ ಆಯೋಗ ಬಂತು. ಸುಧಾರಣೆಯ ಪರವಾಗಿ ಅಂದು ಮಂಡಿಸಿದ ವಾದದಲ್ಲಿ ತಥ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಸೋರಿಕೆ, ಸಾಲ, ಹೊಣೆಗೇಡಿತನಗಳಿಂದ ಮಂಡಳಿ ಕುಸಿದಿದ್ದು ನಿಜ. ಆದರೆ ಹಂಚಿಕೆಯ ನಂತರವೂ ಎಲ್ಲ ಕಂಪನಿಗಳ ಒಡೆಯ ಒಬ್ಬನೇ, ಅದು ರಾಜ್ಯ ಸರ್ಕಾರ. ಅಧ್ಯಕ್ಷರನ್ನೂ ವ್ಯವಸ್ಥಾಪಕ ನಿರ್ದೇಶಕರನ್ನೂ ನೇಮಿಸುವುದು ಸರ್ಕಾರ, ಉಚಿತ ವಿದ್ಯುತ್ತಿನ ಘೋಷಣೆ ಮಾಡುವುದು ಸರ್ಕಾರ, ಹುದ್ದೆ ತುಂಬಲು ಅನುಮತಿ ಕೊಡುವುದೂ ತಡೆಯುವುದೂ ಸರ್ಕಾರ. ಅಧಿಕಾರ ಎಲ್ಲಿ ಇತ್ತೋ ಅಲ್ಲಿಯೇ ಉಳಿಯಿತು. ಹೊಣೆ ಮಾತ್ರ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯತೊಡಗಿತು.

ಆ ಇಳಿತದ ಮೊದಲ ಮೆಟ್ಟಿಲು ಪಿಂಚಣಿ. ಮಂಡಳಿ ನಿಗಮವಾದಾಗ ನೌಕರರ ಆತಂಕವನ್ನು ಶಮನಗೊಳಿಸಲು ಸರ್ಕಾರ, ನಿಗಮ, ನೌಕರರ ನಡುವೆ ತ್ರಿಪಕ್ಷೀಯ ಒಪ್ಪಂದವಾಯಿತು. ಸೇವಾ ಷರತ್ತು ಬದಲಾಗದು, ನಿವೃತ್ತಿ ಸೌಲಭ್ಯಕ್ಕೆ ಧಕ್ಕೆಯಾಗದು ಎಂಬ ಭರವಸೆಯ ಮೇಲೆ ಅವರು ಹೊಸ ವ್ಯವಸ್ಥೆಗೆ ಒಪ್ಪಿಗೆಯಿತ್ತರು. ಪಿಂಚಣಿಯೆಂದರೆ ತಡವಾಗಿ ಕೈಸೇರುವ ವೇತನ. ದುಡಿದ ದಿನವೇ ಅದು ದುಡಿದವನದಾಗಿರುತ್ತದೆ. ಕೊಡಬೇಕಾದವರು ಯಾರೆಂಬುದೂ ಅಂದೇ ತೀರ್ಮಾನವಾಗಿತ್ತು. ಕಾಲಾನಂತರದಲ್ಲಿ ಸರ್ಕಾರದ ಪಾಲಿನ ವಂತಿಗೆಯ ಭಾರ ವಿದ್ಯುತ್ ದರದ ಕಡೆಗೆ ಸರಿಯಿತು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ 2025ರ ಮಾರ್ಚ್‌ನಲ್ಲಿ ಬಂದ ಆಯೋಗದ ಆದೇಶದಂತೆ, ಏಪ್ರಿಲ್ 1ರಿಂದ ಪ್ರತಿ ಯೂನಿಟ್ಟಿಗೆ 36 ಪೈಸೆ, ಮುಂದಿನ ವರ್ಷ 35, ಅದರ ಮುಂದಿನ ವರ್ಷ 34 ಪೈಸೆಯ ಹೆಚ್ಚುವರಿ ಶುಲ್ಕವನ್ನು ಗ್ರಾಹಕ ತೆರಬೇಕಾಗಿದೆ.

ತಿಂಗಳಿಗೆ 500 ಯೂನಿಟ್ ಬಳಸುವ ಒಂದು ಹಿಟ್ಟಿನ ಗಿರಣಿಗೆ ಮೊದಲ ವರ್ಷದ ದರದಲ್ಲಿ ಇದು 180 ರೂಪಾಯಿ. ಮೊತ್ತ ದೊಡ್ಡದಲ್ಲ ಎನ್ನಬಹುದು. ಆದರೆ ಅದು ಬಿತ್ತಿದ ಅಪಾರ್ಥ ದೊಡ್ಡದು. ತನ್ನ ಬಿಲ್ಲಿನಲ್ಲಿ ಪಿಂಚಣಿಯ ಹೆಸರಿನ ಒಂದು ಸಾಲನ್ನು ಕಂಡ ಗಿರಣಿಯವರು, ತಮ್ಮ ಕಿಸೆಗೆ ಕೈಹಾಕಿದವರು ನಿವೃತ್ತ ಲೈನ್‌ಮನ್‌ಗಳೆಂದು ಭಾವಿಸಿದರೆ ಅವರನ್ನು ದೂಷಿಸುವಂತಿಲ್ಲ. ಬಿಲ್ಲು ಹೇಳುವುದೇ ಹಾಗೆ. ಮೂವತ್ತು ವರ್ಷ ಕಂಬವೇರಿ ಮಂಡಿಚಿಪ್ಪು ಸವೆಸಿಕೊಂಡ ಹಿರಿಯನನ್ನು ಅವನದೇ ಊರಿನ ಜನರ ಕಣ್ಣಲ್ಲಿ ಸಾಲಗಾರನಂತೆ ನಿಲ್ಲಿಸಿದ್ದು, ಆ ಭರವಸೆಗೆ ಸಹಿ ಹಾಕಿದ ಸರ್ಕಾರ ಮಾಡಬಾರದಿದ್ದ ಕೆಲಸ. ಗ್ರಾಹಕನೂ ನೌಕರನೂ ಪರಸ್ಪರ ಎದುರಾಳಿಗಳಾಗಿ ನಿಂತಾಗ ನಡುವಿನಿಂದ ಸದ್ದಿಲ್ಲದೆ ಸರಿದುಹೋದವರು ಯಾರೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡನೆಯ ಮೆಟ್ಟಿಲು ಹೊರಗುತ್ತಿಗೆ. ಇದು ಮೊದಲನೆಯದಕ್ಕಿಂತ ಕಡಿದಾದದ್ದು. ಖಾಲಿಬಿದ್ದ ಹುದ್ದೆಗಳು ತುಂಬದೆ ಉಳಿದಂತೆ, ಪಂಪ್‌ಸೆಟ್ಟುಗಳೂ ಟಿಸಿಗಳೆಂಬ ಟ್ರಾನ್ಸ್‌ಫಾರ್ಮರುಗಳೂ ಫೀಡರುಗಳೂ ಹೆಚ್ಚುತ್ತ ಹೋದಂತೆ, ನಡುವಿನ ಅಂತರವನ್ನು ತುಂಬಿದವರು ಏಜೆನ್ಸಿಯ ಆಳುಗಳು. ಸಬ್‌ಸ್ಟೇಷನ್ನಿನ ಪಾಳಿಯಲ್ಲಿ ರಾತ್ರಿಯಿಡೀ ಮೀಟರುಗಳನ್ನು ಕಾಯುವವರಲ್ಲಿ, ಮಾರ್ಗ ನಿರ್ವಹಣೆಯ ಗ್ಯಾಂಗಿನಲ್ಲಿ, ಬಿಲ್ಲು ಹರಿದುಕೊಡುವ ಮೀಟರ್ ರೀಡರುಗಳಲ್ಲಿ, ಕಚೇರಿಯ ಕಂಪ್ಯೂಟರಿನ ಮುಂದೆ ಕೂರುವವರಲ್ಲಿ ಅವರಿದ್ದಾರೆ. ಇಪ್ಪತ್ತು ವರ್ಷಗಳ ಹಿಂದೆ ಗ್ರಾಮ ವಿದ್ಯುತ್ ಪ್ರತಿನಿಧಿ ಎಂಬ ಗೌರವದ ಹೆಸರಿನಲ್ಲಿ ಹಳ್ಳಿಯ ಯುವಕರನ್ನು ತೊಡಗಿಸಿಕೊಂಡಾಗ, ಅವರಿಗೆ ಕೊಟ್ಟಿದ್ದು ಸಂಬಳವಲ್ಲ, ವಸೂಲಿಯ ಮೇಲಿನ ಪ್ರೋತ್ಸಾಹಧನ. ಬಾಕಿ ಕಟ್ಟದ ಊರಿನವರ ಮುನಿಸನ್ನು ಅವರೇ ಉಣ್ಣಬೇಕು. ನಿಗಮದ ನೌಕರನೆಂಬ ಗುರುತು ಮಾತ್ರ ಅವರಿಗಿಲ್ಲ.

ಈ ವ್ಯವಸ್ಥೆಯಿಂದ ಹಣ ಉಳಿಯುತ್ತದೆ ಎನ್ನುವವರು ಒಮ್ಮೆ ಲೆಕ್ಕವನ್ನು ಬಿಡಿಸಿ ನೋಡಲಿ. ಮಾನವಶಕ್ತಿ ಪೂರೈಕೆಯ ಸೇವೆಗೆ ಶೇ 18ರ ಜಿಎಸ್‌ಟಿ ಇದೆ, ಏಜೆನ್ಸಿಗೆ ಸೇವಾಶುಲ್ಕವಿದೆ. ನಿಗಮ ತೆರುವ ಪ್ರತಿ ನೂರು ರೂಪಾಯಿ ಕೂಲಿಯ ಮೇಲೆ ಹದಿನೆಂಟು ರೂಪಾಯಿ ತೆರಿಗೆ, ಅದರ ಮೇಲೆ ಮಧ್ಯವರ್ತಿಯ ಲಾಭ. ಈ ಎರಡು ಮೊತ್ತಗಳಿಂದ ಕಂಬಕ್ಕೆ ಒಂದು ಬೋಲ್ಟ್ ಬಂದಿಲ್ಲ, ದುಡಿದವನ ಮನೆಗೆ ಒಂದು ಸೇರು ಅಕ್ಕಿ ಹೋಗಿಲ್ಲ. ಕಾಯಂ ನೌಕರನಿಗೆ ಕೊಡಬೇಕಾದ ನ್ಯಾಯಯುತ ವೇತನದಿಂದ ಉಳಿಸಿದ್ದರಲ್ಲಿ ಒಂದು ಪಾಲು ಹೀಗೆ ಹಾದಿಯಲ್ಲೇ ಸೋರುತ್ತದೆ. ವಿದ್ಯುತ್ ಸೋರಿಕೆಯ ಬಗ್ಗೆ ಪ್ರತಿವರ್ಷ ಕಾಳಜಿಯಿಂದ ಚರ್ಚಿಸುವ ಆಯೋಗವೂ ನಿಗಮಗಳೂ ಕೂಲಿಯ ಈ ಸೋರಿಕೆಯನ್ನು ಅಳೆಯಲು ಮೀಟರು ಹಾಕಿಲ್ಲ. ಟೆಂಡರಿನಲ್ಲಿ ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ ಸಿಗುವಾಗ, ಅವನು ಎಲ್ಲಿಂದ ಕಡಿಮೆ ಮಾಡುತ್ತಾನೆ? ತೆರಿಗೆ ನಿಗದಿಯಾದದ್ದು, ಭವಿಷ್ಯನಿಧಿಯ ವಂತಿಗೆ ಕಾನೂನಿನಲ್ಲಿ ನಿಗದಿಯಾದದ್ದು. ಹಿಗ್ಗಿಸಿ ಕುಗ್ಗಿಸಲು ಬರುವುದು ಒಂದೇ, ಆಳಿನ ಕೈಗೆ ಹೋಗುವ ಹಣ ಮತ್ತು ಅದು ಹೋಗುವ ದಿನಾಂಕ. ವೇತನ ತಡವಾಗುತ್ತದೆ, ಕಡಿತವಾದ ಪಿಎಫ್ ಖಾತೆಗೆ ಜಮೆಯಾಗಿರುವುದಿಲ್ಲ, ಏಜೆನ್ಸಿ ಬದಲಾದಾಗ ಹಳೆಯ ಬಾಕಿಗೆ ದಿಕ್ಕಿರುವುದಿಲ್ಲ ಎಂದು ಹೊರಗುತ್ತಿಗೆಯವರು ಮತ್ತೆ ಮತ್ತೆ ದೂರುವುದು ಈ ವಿನ್ಯಾಸದ ಫಲವೇ ಹೊರತು ಒಬ್ಬಿಬ್ಬರು ಗುತ್ತಿಗೆದಾರರ ದುರ್ನಡತೆಯ ಫಲವಷ್ಟೇ ಅಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿತ್ತೆಂದು ಯಾರೂ ಹೇಳಲಾರರು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮು, ಗುತ್ತಿಗೆದಾರ ವೇತನ ಕೊಡದಿದ್ದರೆ ಪ್ರಧಾನ ಉದ್ಯೋಗದಾತನೇ ಕೊಡಬೇಕೆಂದು ವಿಧಿಸಿತ್ತು. ಕಾಯಂ ನೌಕರನ ಕೆಲಸವನ್ನೇ ಗುತ್ತಿಗೆ ಕಾರ್ಮಿಕ ಮಾಡುವುದಾದರೆ ವೇತನವೂ ಅದೇ ಇರಬೇಕೆಂದು 1971ರ ಕೇಂದ್ರ ನಿಯಮಾವಳಿಯ 25ನೇ ನಿಯಮ ಹೇಳಿತ್ತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನ ನಿಷೇಧಿಸಿದ ಬಿಟ್ಟಿ ದುಡಿಮೆಗೆ ಸಮವೆಂದು 1982ರಲ್ಲಿ, ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸಾರಿತು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವ ತಾತ್ಕಾಲಿಕ ನೌಕರರಿಗೂ ಅನ್ವಯವೆಂದು 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದು ಪುನರುಚ್ಚರಿಸಿತು. ತಿಂಗಳ ಕೂಲಿಗಾಗಿ ಕಾಯುವ ಮನುಷ್ಯ ಈ ತೀರ್ಪುಗಳ ಪ್ರತಿಯನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಲಾರ ಎಂಬ ಒಂದೇ ಧೈರ್ಯದ ಮೇಲೆ ವ್ಯವಸ್ಥೆ ಮುಂದುವರಿದಿದೆ.

ಬದಲಿಗೆ ಆಡಳಿತಗಳು ಬಿಗಿಯಾಗಿ ಹಿಡಿದುಕೊಂಡದ್ದು ಇನ್ನೊಂದು ತೀರ್ಪನ್ನು. ಅದು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. 2006ರ ಏಪ್ರಿಲ್‌ನ ಉಮಾದೇವಿ ಪ್ರಕರಣದಲ್ಲಿ, ನಿಯಮಬಾಹಿರವಾಗಿ ನೇಮಕಗೊಂಡವರು ಸಕ್ರಮೀಕರಣವನ್ನು ಹಕ್ಕೆಂದು ಕೇಳಲಾಗದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಹಿಂಬಾಗಿಲ ನೇಮಕವನ್ನು ಮುಚ್ಚುವುದು ಅದರ ಉದ್ದೇಶ; ಆ ಉದ್ದೇಶ ಸಾಧುವಾದದ್ದು. ಹತ್ತು ವರ್ಷ ಮಂಜೂರಾದ ಹುದ್ದೆಗಳಲ್ಲಿ ದುಡಿದವರನ್ನು ಒಂದು ಸಲದ ಕ್ರಮವಾಗಿ ಪರಿಗಣಿಸಿ, ಮುಂದೆ ನಿಯಮಿತವಾಗಿ ನೇಮಕಾತಿ ಮಾಡಿರಿ ಎಂದೂ ಅದೇ ತೀರ್ಪು ಹೇಳಿತ್ತು. ಆಡಳಿತಗಳು ತೀರ್ಪಿನ ನಿರಾಕರಣೆಯನ್ನು ಕಂಠಪಾಠ ಮಾಡಿದವು, ನಿರ್ದೇಶನವನ್ನು ಮರೆತವು. ಮುಂಬಾಗಿಲನ್ನು ವರ್ಷಗಟ್ಟಲೆ ತೆರೆಯದೆ, ಹಿಂಬಾಗಿಲಿಗೂ ಬೀಗ ಹಾಕಿ, ಪಕ್ಕದಲ್ಲಿ ಏಜೆನ್ಸಿಯ ಕಿಂಡಿಯೊಂದನ್ನು ಕೊರೆದವು. ದೀರ್ಘಕಾಲ ದುಡಿಸಿಕೊಂಡವರ ನ್ಯಾಯವಾದ ಹಕ್ಕನ್ನು ತಳ್ಳಿಹಾಕಲು ಉಮಾದೇವಿ ತೀರ್ಪನ್ನು ಗುರಾಣಿಯಾಗಿ ಬಳಸಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಬೇಕಾಗಿ ಬಂದದ್ದು ಈ ಕಾರಣದಿಂದ.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳು ಸಂಸ್ಥೆಯ ಮೂಲಭೂತ ಕೆಲಸಗಳಲ್ಲಿ ಗುತ್ತಿಗೆ ಕಾರ್ಮಿಕರನ್ನು ತೊಡಗಿಸಬಾರದೆನ್ನುತ್ತವೆ. ವಿತರಣಾ ನಿಗಮಕ್ಕೆ ಮಾರ್ಗ ನಿರ್ವಹಣೆಗಿಂತ ಮೂಲಭೂತವಾದ ಕೆಲಸ ಇನ್ನಾವುದಿದೆ? ಆದರೆ ಅದೇ ಕಲಮಿನಲ್ಲಿ ಒಂದು ವಿನಾಯಿತಿಯಿದೆ: ಸಾಮಾನ್ಯವಾಗಿ ಗುತ್ತಿಗೆಯ ಮೂಲಕವೇ ನಡೆದುಬಂದಿರುವ ಕೆಲಸಕ್ಕೆ ನಿಷೇಧ ಅನ್ವಯಿಸದು. ಅಂದರೆ ತಪ್ಪನ್ನು ಎಷ್ಟು ದೀರ್ಘಕಾಲ ಮಾಡುತ್ತ ಬಂದರೆ ಅಷ್ಟರ ಮಟ್ಟಿಗೆ ಅದು ಸಾಮಾನ್ಯವೆನಿಸಿ, ಸಾಮಾನ್ಯವಾದುದರಿಂದಲೇ ಸಮ್ಮತವೆನಿಸುವ ಅಪಾಯ. ರಾಜ್ಯ ಸರ್ಕಾರ ತನ್ನದೇ ನಿಗಮಗಳ ಮಟ್ಟಿಗೆ ಈ ಕಿಂಡಿಯನ್ನು ಬಳಸುವುದಿಲ್ಲವೆಂದು ಲಿಖಿತವಾಗಿ ಘೋಷಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನೇಮಕಾತಿಯ ಬಾಗಿಲು ಪೂರ್ತಿ ಮುಚ್ಚಿದೆಯೆಂದು ಹೇಳಿದರೆ ಅನ್ಯಾಯವಾದೀತು. 2024ರ ಅಕ್ಟೋಬರ್‌ನಲ್ಲಿ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಮತ್ತು ವಿತರಣಾ ಕಂಪನಿಗಳಿಗೆ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್‌ಗಳ 2,975 ಹುದ್ದೆಗಳನ್ನು ಪ್ರಕಟಿಸಲಾಯಿತು. ಎಸ್ಸೆಸ್ಸೆಲ್ಸಿ ಅಂಕ, ಸಹನಶಕ್ತಿ ಪರೀಕ್ಷೆ, ಎಂಟು ಮೀಟರ್ ಎತ್ತರದ ಕಂಬವೇರುವುದು ಕಡ್ಡಾಯ. ಆಯ್ಕೆಯಾದವನಿಗೆ ಮೊದಲ ವರ್ಷ ತಿಂಗಳಿಗೆ 17,000, ಎರಡನೆಯ ವರ್ಷ 19,000, ಮೂರನೆಯ ವರ್ಷ 21,000 ರೂಪಾಯಿಗಳ ನಿಗದಿತ ಮೊತ್ತ. ಬಳಿಕವಷ್ಟೇ 28,550 ರೂಪಾಯಿಯಿಂದ ಆರಂಭವಾಗುವ ಶ್ರೇಣಿ. ತರಬೇತಿಯ ಹೆಸರಿನಲ್ಲಿ ಮೂರು ವರ್ಷ ಕಳೆಯಬೇಕಾದ ಕೆಲಸವೇ ಇದು ಎಂಬ ಪ್ರಶ್ನೆ ಒಂದೆಡೆ ಇರಲಿ. ಹತ್ತು ಹನ್ನೆರಡು ವರ್ಷ ಅದೇ ಕಂಬಗಳನ್ನು ಏಜೆನ್ಸಿಯ ಹೆಸರಿನಲ್ಲಿ ಏರಿ, ವಯೋಮಿತಿ ಮೀರಿದವನಿಗೆ ಅಲ್ಲಿ ಏನಿದೆ? ಯಾವ ಫೀಡರಿನಲ್ಲಿ ಯಾವ ಜಂಪು ಸಡಿಲ, ಯಾವ ತೋಟದ ತೆಂಗಿನ ಗರಿ ಯಾವ ತಂತಿಗೆ ತಗಲುತ್ತದೆ, ಮಳೆಗಾಲದಲ್ಲಿ ಯಾವ ಟಿಸಿಯ ಬುಡಕ್ಕೆ ನೀರು ನಿಲ್ಲುತ್ತದೆ ಎಂಬುದು ಅವನ ನಾಲಗೆಯ ತುದಿಯಲ್ಲಿದೆ. ಈ ತಿಳಿವಳಿಕೆಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಹೊಸದಾಗಿ ಆಯ್ಕೆಯಾಗಿ ಬಂದ ಹುಡುಗನಿಗೆ ಕೆಲಸ ಕಲಿಸುವವನೂ ಬಹುತೇಕ ಅವನೇ ಆಗಿರುತ್ತಾನೆ. ಮೂರು ವರ್ಷದ ನಂತರ ಶಿಷ್ಯನ ಸಂಬಳ ಗುರುವಿನದನ್ನು ಬಹುದೂರ ಹಿಂದೆ ಹಾಕುತ್ತದೆ.

ಅಪಾಯದ ಹಂಚಿಕೆಯ ಮಾತು ಇದಕ್ಕಿಂತ ಗಂಭೀರವಾದದ್ದು. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿ, ಮೈಸೂರಿನ ಹೆದ್ದಾರಿಯೂ ಜಲಾವೃತವಾಗಿತ್ತು. 2024ರ ಜುಲೈಯಲ್ಲಿಯೂ ಕಬಿನಿ, ಕಾವೇರಿ ಎರಡೂ ನದಿಗಳು ದಡ ಮೀರಿದ್ದವು. ಅಂಥ ದಿನಗಳಲ್ಲಿ ಎಲ್ಲರೂ ನೀರಿನಿಂದ ದೂರ ಸರಿಯುವಾಗ ನೀರಿನ ಕಡೆಗೆ ನಡೆಯಬೇಕಾದವರು ವಿದ್ಯುತ್ ಕಾರ್ಮಿಕರು. ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆದು, ಎರಡೂ ಬದಿಗೆ ಅರ್ಥಿಂಗ್ ಕಟ್ಟಿ, ಕೈಗವಸು, ಸುರಕ್ಷತಾ ಬೆಲ್ಟ್ ತೊಟ್ಟ ಮೇಲೆಯೇ ಕಂಬಕ್ಕೆ ಕಾಲಿಡಬೇಕೆಂಬುದು ಲಿಖಿತ ನಿಯಮ. ಅಧಿಕೃತವಾಗಿ ಗೊತ್ತುಪಡಿಸಿದ ವ್ಯಕ್ತಿಯ ಹೊರತು ಬೇರಾರೂ ಮಾರ್ಗವನ್ನು ಮುಟ್ಟಬಾರದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಸಹಾಯಕನೊಬ್ಬನನ್ನು ಕೆಲಸದ ಒತ್ತಡದಲ್ಲಿ ಕಂಬಕ್ಕೆ ಹತ್ತಿಸಿದಾಗ, ಅವನು ದುಡಿಯುತ್ತಿರುವುದು ನಿಗಮಕ್ಕಾಗಿ. ಸುಟ್ಟು ಕೆಳಗೆ ಬಿದ್ದಾಗ ಮಾತ್ರ ಅವನು ಏಜೆನ್ಸಿಯವನು. ಗುತ್ತಿಗೆದಾರನ ಆಳಿಗೆ ಪರಿಹಾರ ಕೊಡುವ ಹೊಣೆ ಕೆಲಸ ಮಾಡಿಸಿಕೊಂಡ ಪ್ರಧಾನ ಉದ್ಯೋಗದಾತನದೆಂದು 1923ರ ಪರಿಹಾರ ಕಾಯ್ದೆಯ 12ನೇ ಕಲಮು ಸ್ವಾತಂತ್ರ್ಯಕ್ಕೂ ಮೊದಲೇ ಹೇಳಿತ್ತು. ವಿದೇಶೀ ಆಳ್ವಿಕೆಯ ಕಾನೂನು ಗುರುತಿಸಿದ್ದ ಸಂಬಂಧವನ್ನು ಜನತಂತ್ರದ ಸರ್ಕಾರವೊಂದರ ಕಂಪನಿಗಳು ಗುರುತಿಸಲು ಹಿಂದೇಟು ಹಾಕುವುದನ್ನು ಯಾವ ಹಣಕಾಸಿನ ಬಿಕ್ಕಟ್ಟೂ ಸಮರ್ಥಿಸದು.

ನೌಕರರ ಸಂಘಟನೆಗಳಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. 2023ರ ಮಾರ್ಚ್‌ನಲ್ಲಿ ಕಾಯಂ ನೌಕರರ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟಾಗ, ಚುನಾವಣೆಯ ಹೊಸ್ತಿಲಲ್ಲಿದ್ದ ಸರ್ಕಾರ ಮುಷ್ಕರಕ್ಕೆ ಮೊದಲೇ ಶೇ 20ರ ವೇತನ ಪರಿಷ್ಕರಣೆಗೆ ಒಪ್ಪಿ, 2022ರ ಏಪ್ರಿಲ್ 1ರಿಂದ ಪೂರ್ವಾನ್ವಯ ಮಾಡಿತು. ಅದು ಸಂಘಟನೆಯ ಶಕ್ತಿಯಿಂದ ದೊರೆತ ನ್ಯಾಯ. ಅದಕ್ಕೆ ನಾವು ಕರುಬುವುದಿಲ್ಲ. ಒಬ್ಬನ ಕೂಲಿ ಕಡಿಮೆಯಾಗಿದೆಯೆಂಬುದಕ್ಕೆ ಇನ್ನೊಬ್ಬನ ಕೂಲಿಯನ್ನು ಇಳಿಸುವುದು ಪರಿಹಾರವೆಂದು ಹೇಳುವವರ ಜೊತೆ ಈ ಪತ್ರಿಕೆ ಎಂದೂ ನಿಂತಿಲ್ಲ. ಆದರೆ ಆ ಮಾತುಕತೆಯ ಮೇಜಿನಲ್ಲಿ, ಪಕ್ಕದ ಕಂಬದ ಮೇಲಿದ್ದವನ ಹೆಸರು ಎಷ್ಟು ಸಲ ಕೇಳಿಬಂತು ಎಂದು ಸಂಘದ ಹಿರಿಯರು ತಮ್ಮನ್ನೇ ಕೇಳಿಕೊಳ್ಳಲಿ. ಕಾಯಂ ನೌಕರರ ಸಂಖ್ಯೆ ವರ್ಷವರ್ಷ ನಿವೃತ್ತಿಯಿಂದ ಇಳಿಯುತ್ತಿರುವಾಗ, ಹೊರಗುತ್ತಿಗೆಯವರನ್ನು ಹೊರಗಿಟ್ಟ ಸಂಘಟನೆಯ ಬಲವೂ ಅದೇ ವೇಗದಲ್ಲಿ ಇಳಿಯುತ್ತದೆ.

ನಿಗಮಗಳು ನಷ್ಟದಲ್ಲಿವೆ, ಹಣವೆಲ್ಲಿಂದ ತರುವುದು ಎಂಬ ಉತ್ತರ ಸಿದ್ಧವಾಗಿರುತ್ತದೆ. ವಿತರಣಾ ನಿಗಮದ ಖರ್ಚಿನಲ್ಲಿ ಬಹುಪಾಲು ಹೋಗುವುದು ವಿದ್ಯುತ್ ಖರೀದಿಗೆ. ಕಂಬವೇರುವವನ ಕೂಲಿಗೆ ಅಲ್ಲ. ನಷ್ಟದ ಕಾರಣಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೆಸರಿಸುತ್ತೇವೆ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. 2023ರ ಜುಲೈಯಿಂದ ಗೃಹಜ್ಯೋತಿಯಡಿ ಮನೆಗಳಿಗೆ 200 ಯೂನಿಟ್ಟುಗಳವರೆಗೆ ಉಚಿತ. ತಲಕಾಡಿನ ಭತ್ತ, ನಂಜನಗೂಡಿನ ಕಬ್ಬು ಆ ನೀರಿನಿಂದ ಬೆಳೆಯುತ್ತವೆ. ಬಡವರ ಮನೆಯ ದೀಪ ಆ ನೆರವಿನಿಂದ ಉರಿಯುತ್ತದೆ. ಅದನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ 2003ರ ವಿದ್ಯುತ್ ಕಾಯ್ದೆಯ 65ನೇ ಕಲಮಿನಂತೆ ಇಂಥ ಸಹಾಯಧನವನ್ನು ಸರ್ಕಾರ ನಿಗಮಕ್ಕೆ ಮುಂಗಡವಾಗಿ ಕೊಡಬೇಕು. ಆ ಹಣ ಬಾಕಿ ಉಳಿದಾಗ, ದಾನದ ಕೀರ್ತಿ ಸರ್ಕಾರಕ್ಕೆ, ಅದರ ಬಾಕಿಯ ಭಾರ ನಿಗಮಕ್ಕೆ, ನಿಗಮದ ಇಕ್ಕಟ್ಟಿನ ಭಾರ ಹೊರಗುತ್ತಿಗೆಯ ಆಳಿಗೆ ಎಂಬ ಹಂಚಿಕೆಯಲ್ಲಿ ಉದಾರತೆ ಯಾರದು, ತ್ಯಾಗ ಯಾರದು ಎಂಬುದು ಸ್ಪಷ್ಟವಾಗಿಯೇ ಇದೆ.

ಕೂಲಿಯ ಹೊಣೆ ಹೀಗೆ ಕೈಬದಲಿಸದ ಪದ್ಧತಿಯೊಂದು ಹಿಂದೆ ಇಲ್ಲಿತ್ತು. ಮಾಧವಮಂತ್ರಿ ಅಣೆಕಟ್ಟಿನ ನಾಲೆಯ ನೀರು ಉಂಡ ಈ ಸೀಮೆಗೆ ನೀರಗಂಟಿ ಅಪರಿಚಿತನಲ್ಲ. ಹಳೆಯ ಮೈಸೂರಿನಲ್ಲಿ ಬೆಳೆಯ ಪಾಲನ್ನೇ ಆಯವಾಗಿ ಪಡೆಯುತ್ತಿದ್ದ ಹನ್ನೆರಡು ಆಯಗಾರರಲ್ಲಿ ಅವನೊಬ್ಬ. ತೂಬು ತೆರೆದು, ಸರದಿಯಂತೆ ಗದ್ದೆಗದ್ದೆಗೆ ನೀರು ಹಾಯಿಸಿದ್ದಕ್ಕೆ ಕಣದಲ್ಲಿ ರಾಶಿ ಎತ್ತುವ ಮೊದಲು ಅವನ ಆಯವನ್ನು ಅಳೆದು ಕೊಡುತ್ತಿದ್ದರು. ಜಾತಿಗೂ ಹುಟ್ಟಿಗೂ ಕಟ್ಟುಬಿದ್ದಿದ್ದ ಆ ಪದ್ಧತಿ ಹೋದದ್ದು ಒಳ್ಳೆಯದೇ. ಅದು ಮರಳಿ ಬರಬೇಕೆಂದು ಯಾರೂ ಬಯಸರು. ಆದರೂ ಅಲ್ಲಿ ಒಂದು ಸಂಗತಿ ನಿಚ್ಚಳವಾಗಿತ್ತು: ನೀರು ಪಡೆದವನೇ ಆಯ ಕೊಡುವವನು, ಕೊಡದೆ ತಪ್ಪಿಸಿಕೊಂಡು ಹೋಗಲು ನಡುವೆ ಯಾರೂ ಇರಲಿಲ್ಲ. ಇಂದು ಗ್ರಾಮ ಪಂಚಾಯಿತಿಯ ವಾಟರ್‌ಮನ್ ನಸುಕಿನಲ್ಲಿ ಮೋಟಾರು ಹಾಕಿ, ವಾಲ್ವು ತಿರುಗಿಸಿ, ಮನೆಮನೆಯ ನಲ್ಲಿಗೆ ನೀರು ಬಿಡುತ್ತಾನೆ. ಅವನ ಸಂಬಳ ಅನುದಾನದಿಂದ ಬರಬೇಕೋ, ಕರವಸೂಲಿಯಿಂದ ಬರಬೇಕೋ ಎಂಬ ಗೊಂದಲದ ನಡುವೆ ತಿಂಗಳುಗಳು ಕಳೆಯುವುದುಂಟು. ನೀರಾಗಲಿ ಬೆಳಕಾಗಲಿ, ತಲುಪಿಸುವವನ ಕೂಲಿಗೆ ಹೊಣೆಗಾರನಾರೆಂದು ಹೆಸರು ಹಿಡಿದು ಹೇಳಲಾಗದ ಸ್ಥಿತಿಯನ್ನು ನಾವು ಆಡಳಿತದ ಸುಧಾರಣೆಯೆಂದು ಕರೆದುಕೊಂಡು ಬಂದಿದ್ದೇವೆ.

ಮಾಡಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಮಾರ್ಗ ನಿರ್ವಹಣೆ ಮತ್ತು ಸಬ್‌ಸ್ಟೇಷನ್ ಪಾಳಿಯ ಕೆಲಸಗಳನ್ನು ಏಜೆನ್ಸಿಗಳಿಂದ ಹಿಂಪಡೆದು, ಅಲ್ಲಿ ದುಡಿಯುತ್ತಿರುವವರಿಗೆ ನಿಗಮವೇ ನೇರವಾಗಿ ಬ್ಯಾಂಕ್ ಖಾತೆಗೆ ವೇತನ ಜಮೆ ಮಾಡಲಿ. ತೆರಿಗೆ ಮತ್ತು ಮಧ್ಯವರ್ತಿಯ ಲಾಭದಲ್ಲಿ ಉಳಿಯುವ ಹಣದಿಂದಲೇ ಆ ವೇತನದ ಮೊದಲ ಏರಿಕೆ ಆರಂಭವಾಗಬಹುದು. ಮುಂದಿನ ನೇಮಕಾತಿಗಳಲ್ಲಿ ಅನುಭವಕ್ಕೆ ಅಂಕವಿರಲಿ, ದುಡಿದಷ್ಟು ವರ್ಷ ವಯೋಮಿತಿ ಸಡಿಲವಾಗಲಿ. ದರ ಪರಿಷ್ಕರಣೆಯ ಅರ್ಜಿಯೊಂದಿಗೆ ನಿಗಮಗಳು ತಮ್ಮಲ್ಲಿ ದುಡಿಯುವ ಹೊರಗುತ್ತಿಗೆಯವರ ಸಂಖ್ಯೆ, ಅವರಿಗಾಗಿ ಏಜೆನ್ಸಿಗೆ ತೆತ್ತ ಹಣ, ಅದರಲ್ಲಿ ಅವರ ಕೈ ಸೇರಿದ ಹಣ, ಕಳೆದ ವರ್ಷ ಅವರಲ್ಲಿ ಸತ್ತವರ ಮತ್ತು ಅಂಗವಿಕಲರಾದವರ ಲೆಕ್ಕ ಇವೆಲ್ಲವನ್ನೂ ಒಪ್ಪಿಸಬೇಕೆಂದು ವಿದ್ಯುತ್ ನಿಯಂತ್ರಣ ಆಯೋಗ ಆದೇಶಿಸಲಿ. ಆಯೋಗದ ಬಹಿರಂಗ ವಿಚಾರಣೆಗೆ ಹೋಗಿ ದರ ಏರಿಕೆಯನ್ನು ವಿರೋಧಿಸುವ ರೈತ ಮುಖಂಡರೂ ಗ್ರಾಹಕ ಸಂಘಟನೆಗಳೂ ಈ ಲೆಕ್ಕವನ್ನು ಕೇಳಲಿ. ಅದು ಅವರ ಹಕ್ಕು, ಅವರ ಕರ್ತವ್ಯವೂ ಹೌದು. ಪಿಂಚಣಿಯ ವಿಷಯದಲ್ಲಿ, ತಾನು ಸಹಿ ಹಾಕಿದ ಭರವಸೆಯನ್ನು ಗ್ರಾಹಕನ ಬಿಲ್ಲಿನಿಂದ ತೆಗೆದು ತನ್ನ ಆಯವ್ಯಯಕ್ಕೆ ಮರಳಿಸಿಕೊಳ್ಳುವುದು ಸರ್ಕಾರಕ್ಕೆ ಶೋಭೆ.

ಇವೆಲ್ಲ ಆಗುವವರೆಗೆ, ಸರ್ಕಾರ ಮತ್ತು ನಿಗಮಗಳ ಬಗ್ಗೆ ನಮ್ಮ ಅಭಿಮತ ಸ್ಪಷ್ಟವಾಗಿ ದಾಖಲಾಗಿರಲಿ. ತಲಕಾಡಿನ ಗದ್ದೆಬಯಲಿನಲ್ಲಿ ನಿಂತ ಕಂಬ ನಿಗಮದ್ದು, ಅದರ ತಂತಿ ನಿಗಮದ್ದು, ತಂತಿಯಲ್ಲಿ ಹರಿದ ವಿದ್ಯುತ್ತಿಗೆ ಬೆಲೆ ಪಡೆಯುವುದೂ ನಿಗಮವೇ. ಮಳೆಯಲ್ಲಿ ಆ ಕಂಬವನ್ನು ಏರಿದವನೂ ನಿಗಮದವನು. ಅವನ ಪೂರ್ಣ ಕೂಲಿ ನಿಗಮದ ಸಾಲ, ಮತ್ತು ಆ ಸಾಲ ಇನ್ನೂ ತೀರಿಲ್ಲ.